ತುಟಿಯ ಕೊನೆಯ ಟೊಳ್ಳು

ಟಕ್ ಟಕ್ ಟಕ್, ಗಟ್ಟಿ, ಇಲ್ಲೂ ಗಟ್ಟಿ, ಟಕ್ ಟಕ್, ಇನ್ನು ನಾಲ್ಕು ಬೆರಳು ಒಳಗೆ ಬಂದರೆ — ಡೊಬ್ — ಇಲ್ಲೇ ಇದೆ, ಎಲ್ಲಿಗೂ ಹೋಗಿಲ್ಲ, ಪ್ಲೈವುಡ್ಡಿನ ಹೊಟ್ಟೆಯೊಳಗಿನ ಟೊಳ್ಳು ಬಾಗಿಲು ತೆಗೆದುಕೊಂಡು ಹೊರಗೆ ಹೋಗುತ್ತದೆಯೇ, ಮೇಲಿನಿಂದ ನೋಡಿದರೆ ಎಂಥ ಹಲಗೆ, ಬೆಣ್ಣೆ ಸವರಿದಂಥ ಮೈ, ಒಂದು ಗಂಟಿಲ್ಲ ಒಂದು ಕಲೆಯಿಲ್ಲ, ಬೆರಳಿನ ಗೆಣ್ಣಿನಿಂದ ತಟ್ಟಿದವರಿಗೆ ಮಾತ್ರ ಗೊತ್ತು ಇದರ ಗುಟ್ಟು, ಮೇಲಿನ ಪದರ ಸರಿ, ಕೆಳಗಿನ ಪದರ ಸರಿ, ನಡುವಿನ ಪದರದಲ್ಲಿ ಎರಡು ತುಂಡು ಸೇರಬೇಕಾದ ಕಡೆ ಸೇರಿಲ್ಲ, ಹೆಬ್ಬೆರಳಿನಷ್ಟು ಜಾಗ, ಅಷ್ಟಕ್ಕೇ ಇದನ್ನು ಬೇರೆ ಎತ್ತಿಟ್ಟಿದ್ದೆ, ವಾಪಸ್ ಮಾಡೋಣ ಅಂತ, ಪ್ಲೈವುಡ್ ಅಂಗಡಿಯವನಿಗೆ ಫೋನು ಮಾಡಿದರೆ ಅವನು ನಕ್ಕ, ಅಕ್ಕಾ, ಹೊಟ್ಟೆ ಅಂದ್ಮೇಲೆ ಸ್ವಲ್ಪ ಗ್ಯಾಸ್ ಇರಲ್ವಾ, ಮುಂದಿನ ಸಲ ತನ್ನಿ, ಬದಲಾಯಿಸಿ ಕೊಡ್ತೀನಿ, ನಾನೂ ನಕ್ಕೆ, ಒಳ್ಳೆಯ ಮನುಷ್ಯ, ಮೋಸ ಗೊತ್ತಿಲ್ಲ, ಇವತ್ತು ಅವನ ತಲೆಗೇ ಕಟ್ಟಲು ಹೊರಟಿದ್ದೇನೆ — ಗೋಡೆಗೆ ಒರಗಿಸಿದ ಇನ್ನೊಂದು ಹಲಗೆ ನೋಡುತ್ತಿದೆ, ಅದು ಎಲ್ಲ ಕಡೆ ಗಟ್ಟಿ, ಒಂದೇ ಅಳತೆ, ಒಂದೇ ಬಣ್ಣ, ಆದರೆ ಇವರು ಮರದಲ್ಲಿ ಕುಯ್ಯಲು ಒಪ್ಪಿದ ಹೊಲಿಗೆಯವನ ಮುಖ ಅದರ ಮೇಲೆ ಬರುವುದಿಲ್ಲ, ಇದರ ಮೇಲೆ ಬರುತ್ತದೆ, ಅವನ ಬಾಯಿ ಸರಿಯಾಗಿ ಈ ಟೊಳ್ಳಿನ ನೆತ್ತಿಗೆ, ಬ್ಲೇಡು ಅಲ್ಲಿಗೆ ಬಂದಾಗ ತುಟಿಯ ಕೊನೆ ಚಟ್ಟನೆ ಎದ್ದು ಬರಬೇಕು, ಇವರು ಕುಯ್ಯುವ ಮಷೀನು ನಿಲ್ಲಿಸಿ ಬೈಯಬೇಕು, ಥೂ, ಎಂಥ ಹಲಗೆ ಕೊಟ್ಟಿದ್ದಾನೆ ಕತ್ತೆ ಬಡವ, ಅಂತ, ಬೈಯಲಿ, ಹೊಟ್ಟೆ ತುಂಬ ಬೈಯಲಿ, ತಮ್ಮ ಕೈಯನ್ನು ಒಂದು ಬಿಟ್ಟು.

ಒಳಗೆ ಟಿಣ್ ಟಿಣ್ ಟಿಣ್, ಟೀ ಕುಡಿಯುತ್ತಿದ್ದಾರೆ, ಬಲಗೈಯ ತೋರುಬೆರಳಿನ ಉಗುರು ಸ್ಟೀಲ್ ಲೋಟಕ್ಕೆ ಬಡಿಯುವ ಸದ್ದು, ಒಬ್ಬರೇ ಇದ್ದಾಗ ಮಾತ್ರ ಬಲಗೈಯಲ್ಲಿ ಹಿಡಿಯುತ್ತಾರೆ, ನಾನು ಬಂದರೂ ಲೋಟ ಕೆಳಗೆ, ನನ್ನೆದುರಿಗೂ ಏನು ನಾಚಿಕೆಯೋ, ಮದುವೆಯಾಗಿ ಇಷ್ಟು ಕಾಲವಾಯಿತು, ಇವರ ಹರಿದ ಬನಿಯನ್ ನೋಡಿದ್ದೇನೆ, ಗೊರಕೆ ಕೇಳಿದ್ದೇನೆ, ಒಂದು ಬೆರಳು ಕುಣಿದರೆ ಮಾನ ಹೋಯಿತೇ — ಉಜ್ಜು ಉಜ್ಜು, ಎಳೆಯ ದಿಕ್ಕಿಗೆ ಉಜ್ಜು, ಅಡ್ಡ ಉಜ್ಜಿದರೆ ಗೀರು ಬೀಳುತ್ತದೆ, ಜಾಸ್ತಿ ಉಜ್ಜಿದರೆ ಮೇಲಿನ ಸಿಪ್ಪೆಯೇ ಸವೆದು ಹೋಗುತ್ತದೆ, ನಮ್ಮ ಕಸುಬಿನಲ್ಲಿ ಕುಯ್ದ ಮೇಲೆ ಉಜ್ಜುವಂತಿಲ್ಲ, ಕುಯ್ಯುವುದಕ್ಕೆ ಮೊದಲೇ, ಕುಸುರಿ ತೆಗೆದ ಮೇಲೆ ಸ್ಯಾಂಡ್‌ಪೇಪರು ಆಡಿಸಿದರೆ ಹೂವಿನ ದಂಟು ಹಕ್ಕಿಯ ಕೊಕ್ಕು ಎಲ್ಲ ಕೈಗೆ ಬರುತ್ತವೆ, ಮುಖ ತೊಳೆದ ಮೇಲೆ ಪೌಡರ್ ಕಣೇ, ಪೌಡರ್ ಹಚ್ಚಿ ಮುಖ ತೊಳೀತಾರಾ, ಅಂತ ಇವರು ಹೇಳಿಕೊಟ್ಟದ್ದು ಈ ಕೋಣೆಯಲ್ಲೇ, ಇದೇ ಕಿಟಕಿಯ ಕೆಳಗೆ, ಹಲಗೆಯನ್ನು ಓರೆ ಬೆಳಕಿನಲ್ಲಿ ನೋಡು, ನೆತ್ತಿಯ ಮೇಲಿನ ಬೆಳಕಿಗೆ ಎಲ್ಲ ಹಲಗೆಯೂ ಒಳ್ಳೆಯದೇ, ಓರೆ ಬೆಳಕಿಗೆ ಮಾತ್ರ ಬಾಯಿ ಬಿಡುತ್ತದೆ, ಅಂದಿದ್ದರು, ಆಗ ಆ ಬೆರಳು ಎಷ್ಟು ಸುಮ್ಮನಿರುತ್ತಿತ್ತು, ಬ್ಲೇಡು ಕೂದಲಿನಷ್ಟು ಸಣ್ಣ, ಮೇಲೆ ಕೆಳಗೆ ಮೇಲೆ ಕೆಳಗೆ ಕುಣಿಯುತ್ತಿದೆ, ಕುಣಿಯುವುದು ಅದರ ಕೆಲಸ, ಬೆರಳು ಮಾತ್ರ ಅದರ ಪಕ್ಕದಲ್ಲಿ ನಿದ್ದೆ ಹೋದ ಮಗುವಿನ ಹಾಗೆ, ಹಲಗೆ ತಾನಾಗಿ ತಿರುಗುತ್ತಿದೆ ಅನಿಸುತ್ತಿತ್ತು, ಅಂಥ ಕೈ, ಡಾಕ್ಟರು ಆ ಕೈಯನ್ನು ಮೇಜಿನ ಮೇಲೆ ಇಡಿಸಿ ನೋಡಿದರು, ಬಹಳ ಹೊತ್ತು ನೋಡಿದರು, ಈ ನಡುಕ ಹೋಗೋದಲ್ಲ, ಜೊತೇಲಿ ಇಟ್ಕೊಂಡೇ ಬದುಕೋದು ಅಂದರು, ಹಾಗಾದ್ರೆ ನನ್ನ ಹೆಂಡತಿ ಥರ ಅನ್ನಿ, ಅಂದರು ಇವರು, ಡಾಕ್ಟರು ನಕ್ಕರು, ನಾನೂ ನಕ್ಕೆ, ಮೆಟ್ಟಿಲಿಳಿದು ಬರುವವರೆಗೂ ನಕ್ಕುಕೊಂಡೇ ಬಂದೆವು, ಮನೆಗೆ ಬಂದು ಇವರು ಮಷೀನಿನ ಮೇಲೆ ಬಿಳಿ ಬೆಡ್‌ಶೀಟು ಹೊದಿಸಿದರು, ನಾಲ್ಕೂ ಕಡೆ ಒಳಗೆ ಸಿಕ್ಕಿಸಿದರು, ಧೂಳು ಬೀಳದಿರಲಿ ಅಂತ ಹೊದಿಸುವ ರೀತಿಯೇ ಬೇರೆ.

ಆಮೇಲಿನ ತಿಂಗಳುಗಳು, ಬೇಡಪ್ಪ, ಗೋಡೆಯನ್ನು ನೋಡಿಕೊಂಡು ಕೂತಿರುವುದು, ಟೀ ಕೊಟ್ಟರೆ ಕುಡಿದರು, ಕೊಡದಿದ್ದರೆ ಇಲ್ಲ, ಸಕ್ಕರೆ ಹಾಕದೆ ಕೊಟ್ಟರೂ ಕುಡಿದರು, ಒಂದು ದಿನ ಬೇಕೆಂದೇ ಹಾಕದೆ ಕೊಟ್ಟೆ, ಬೈಯಲಿ ಅಂತ, ಬೈಯಲಿಲ್ಲ, ಅದಕ್ಕಿಂತ ಹೆದರಿಕೆ ಯಾವುದಿದೆ, ನಾದಿನಿ ಬಂದಳು, ಇವರ ತಂಗಿ, ಬಾಯಿಗೆ ಬೀಗವಿಲ್ಲದವಳು, ಅಯ್ಯೋ ಅಣ್ಣಾ, ಬೆರಳು ಒಳ್ಳೆ ಡ್ಯಾನ್ಸ್ ಮಾಡ್ತಿದೆಯಲ್ಲೋ, ಅಂದುಬಿಟ್ಟಳು ನಾಲ್ಕು ಜನರೆದುರಿಗೆ, ಕೆಟ್ಟವಳಲ್ಲ, ಅಡುಗೆಮನೆಗೆ ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡವಳೂ ಅವಳೇ, ಅತ್ತಿಗೆ, ಆ ಮಷೀನ್ ಯಾರಿಗಾದ್ರೂ ಕೊಟ್ಬಿಡಿ, ದಿನಾ ಕಣ್ಣೆದುರಿಗಿದ್ರೆ ಗಾಯ ಕೆರೆದುಕೊಂಡ ಹಾಗೆ, ಅಂದಳು, ನಾನು ಹೂಂ ಅಂದೆ, ಕೊಡಲಿಲ್ಲ, ಅತ್ತಿಗೆ ನಾದಿನಿಯ ಮಾತು ಕೇಳಿದರೆ ಲೋಕ ಏನೆಂದುಕೊಂಡೀತು — ಧೂಳು ಒರೆಸಬೇಕು, ಒಣಬಟ್ಟೆ, ಒದ್ದೆ ಬಟ್ಟೆ ಬೇಡ, ಒದ್ದೆ ತಾಗಿದರೆ ಪ್ಲೈವುಡ್ಡು ಮುನಿಸಿಕೊಂಡ ಅಳಿಯನ ಹಾಗೆ ಊದಿಕೊಳ್ಳುತ್ತದೆ, ಮದುವೆಯಾದ ಹೊಸತರಲ್ಲಿ ಕಾಗದವನ್ನು ಹಲಗೆಗೆ ನೇರ ಅಂಟಿಸಿಬಿಟ್ಟಿದ್ದೆ, ನಡುವೆ ಟೇಪು ಹಾಕದೆ, ಕುಯ್ದಾದ ಮೇಲೆ ಕಾಗದ ಬಿಡಲೇ ಇಲ್ಲ, ಬಕೆಟಿನಲ್ಲಿ ನೆನೆಸಿಟ್ಟೆ, ಬೆಳಿಗ್ಗೆ ನೋಡಿದರೆ ಆನೆ ಉಬ್ಬಿ ಎರಡು ಆನೆಯಾಗಿತ್ತು, ಇವರು ನೆಲದ ಮೇಲೆ ಕೂತು ನಕ್ಕರು, ಉಸಿರು ಸಿಕ್ಕದ ಹಾಗೆ ನಕ್ಕರು, ಇದು ಗರ್ಭಿಣಿ ಆನೆ, ಮಾರೋದು ಬೇಡ, ಇಟ್ಕೊಳೋಣ ಅಂದರು, ಆ ನಗು ಮತ್ತೆ ಈ ಮನೆಯಲ್ಲಿ ಕೇಳಬೇಕು ಅಂತಲೇ ನಾನು ಮೋಡ ಶುರುಮಾಡಿದ್ದು.

ಮೋಡ, ಬಾತುಕೋಳಿ, ಮೀನು, ಮರದ ತಲೆ, ಶಿಶುವಿಹಾರದ ಟೀಚರಮ್ಮನಿಗೆ ಗೋಡೆಗೆ ಹಾಕಲು ಬೇಕಂತೆ ಅಂತ ಹೇಳಿದೆ, ಬೇಕಾಗಿದ್ದದ್ದೂ ನಿಜ, ನಾನೇ ಹೋಗಿ ಬೇಕು ಅನ್ನಿಸಿದ್ದೂ ನಿಜ, ಮೋಡದ ಅಂಚು ಇಲ್ಲಿ ತಪ್ಪಿದೆ ಅಂತ ಹೇಳಿದವರನ್ನು ಯಾರಾದರೂ ಕಂಡಿದ್ದಾರೆಯೇ, ಬಾತುಕೋಳಿಯ ಬೆನ್ನು ಒಂದಿಷ್ಟು ಏರಿದರೆ ಅದು ಊಟ ಮಾಡಿದ ಬಾತುಕೋಳಿ, ಇಳಿದರೆ ಹಸಿದದ್ದು, ಅಷ್ಟೇ ತಾನೇ, ಹಲಗೆಯನ್ನೂ ದಪ್ಪದ್ದೇ ಆರಿಸಿದೆ, ದಪ್ಪ ಹಲಗೆಯಲ್ಲಿ ಬ್ಲೇಡು ನಿಧಾನ, ನಿಧಾನವಾದರೆ ಕೈಗೆ ತಿದ್ದಿಕೊಳ್ಳಲು ಪುರಸೊತ್ತು, ಗೆರೆಯನ್ನೂ ದಪ್ಪ ಪೆನ್ನಿನಲ್ಲಿ ಬರೆದೆ, ಗೆರೆಯೇ ಅಗಲವಾಗಿದ್ದರೆ ಬ್ಲೇಡು ಅದರೊಳಗೆ ಎಲ್ಲಿ ಅಲೆದರೂ ಗೆರೆಯ ಮೇಲೇ ಇದ್ದ ಲೆಕ್ಕ, ಇವರು ಬೆಡ್‌ಶೀಟು ತೆಗೆದರು, ಮೊದಲ ಮೋಡ ಕುಯ್ದು ಎತ್ತಿ ನೋಡಿದರು, ಮಾರನೇ ದಿನ, ಏ, ಇದೇನು ಟೀನೋ ಬಿಸಿನೀರೋ, ಅಂದರು, ನಾನು ಅಡುಗೆಮನೆಗೆ ಹೋಗಿ ಒಲೆಯೆದುರು ನಿಂತು ಅತ್ತೆ, ಬೈಗುಳ ಕೇಳಿ ಖುಷಿಗೆ ಅತ್ತ ಹೆಂಗಸು ನಾನೊಬ್ಬಳೇ ಇರಬೇಕು, ಕೈ ವಾಪಸ್ ಬಂತು ಅಂದುಕೊಂಡರು ಇವರು, ನಾನು ಅಂದುಕೊಳ್ಳಲು ಬಿಟ್ಟೆ, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಎಲ್ಲ ಚೆನ್ನಾಗಿಯೇ ನಡೆದಿತ್ತು, ಹೊಲಿಗೆಯವನ ಹೆಂಡತಿ ಬರುವವರೆಗೆ — ಟೇಪು ಎಲ್ಲಿಟ್ಟೆ, ಹಾ, ಇಲ್ಲಿ, ಪೇಂಟಿನವರು ಕಿಟಕಿಯ ಅಂಚಿಗೆ ಹಾಕುವ ಕಾಗದದ ಟೇಪು, ಹಲಗೆಯ ಮೈಗೆಲ್ಲ ಸಾಲಾಗಿ ಅಂಟಿಸಬೇಕು, ಒಂದರ ಅಂಚು ಇನ್ನೊಂದರ ಮೇಲೆ ಹತ್ತಬಾರದು, ಹತ್ತಿದರೆ ಅಲ್ಲಿ ಕಾಗದ ಉಬ್ಬುತ್ತದೆ, ಅಂಗೈಯಿಂದ ಒತ್ತಿ ಸವರು, ಟೊಳ್ಳಿನ ಮೇಲೂ ಸವರು, ಈಗ ಟೊಳ್ಳೂ ಕಾಣುವುದಿಲ್ಲ ಗಟ್ಟಿಯೂ ಕಾಣುವುದಿಲ್ಲ, ಎಲ್ಲ ಒಂದೇ ಬಣ್ಣ.

ಆಯಮ್ಮ ಬಂದದ್ದು ನಾನು ಮಾರ್ಕೆಟ್ಟಿಗೆ ಹೋಗಿದ್ದಾಗ, ನಾನಿದ್ದಿದ್ದರೆ ಬಾಗಿಲಲ್ಲೇ ಸಮಾಧಾನ ಹೇಳಿ ಕಳಿಸುತ್ತಿದ್ದೆ, ವಾಪಸ್ ಬಂದರೆ ಇವರ ಕೈಯಲ್ಲಿ ಫೋಟೋ, ಬೀದಿಯ ತಿರುವಿನ ಅಂಗಡಿಯ ಹೊಲಿಗೆಯವನು, ಹೋದ ತಿಂಗಳು ಎದೆ ಹಿಡಿದುಕೊಂಡು ಹೊಲಿಗೆ ಮಷೀನಿನ ಮೇಲೇ ತಲೆಯಿಟ್ಟವನು, ಮತ್ತೆ ಏಳಲಿಲ್ಲ, ಅಂಗಡಿ ಈಗ ಆಯಮ್ಮನೇ ನಡೆಸುತ್ತಾಳೆ, ಗೋಡೆಯ ಮೇಲೆ ಗಂಡನ ಮುಖ ಬೇಕಂತೆ, ಫೋಟೋ ಬೇಡವಂತೆ, ಫೋಟೋ ಮಾಸುತ್ತೆ ಅಣ್ಣಾ, ಮರದಲ್ಲಿ ಕುಯ್ದು ಕೊಡಿ, ಆ ನಗು ಬರ್ಬೇಕು, ಆ ಒಂದು ಕಡೆ ನಗು, ಅಂದಳಂತೆ, ಇವರು ಒಪ್ಪಿಕೊಂಡಿದ್ದಾರೆ, ನನ್ನನ್ನೊಂದು ಮಾತು ಕೇಳದೆ ಒಪ್ಪಿಕೊಂಡಿದ್ದಾರೆ, ತೆಳು ಹಲಗೆ ತೆಗಿ, ಮೂರು ಪದರದ್ದು, ಅಂದರು, ದಪ್ಪ ಹಲಗೇಲಿ ಮುಖ ಮುಖದ ಥರ ಬರಲ್ಲ, ಅಂದರು — ಮೋಡವಲ್ಲ ರೀ, ಮುಖ, ಅಂತ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ, ಮುಖ ಅಂದರೆ ನೆರಳನ್ನೆಲ್ಲ ಕುಯ್ದು ತೆಗೆಯುವುದು, ಹಿಂದೆ ಕಪ್ಪು ಬಟ್ಟೆ, ತೆಗೆದ ಮೇಲೆ ಉಳಿದದ್ದೇ ಮನುಷ್ಯ, ಹುಬ್ಬು ಅತ್ತಿತ್ತ ಆದರೆ ತಡೆದುಕೊಳ್ಳಬಹುದು, ಕಿವಿ ಹೇಗಿದ್ದರೂ ಯಾರೂ ಕೇಳುವುದಿಲ್ಲ, ಆದರೆ ತುಟಿಯ ಕೊನೆ, ಕೂದಲೆಳೆಯಷ್ಟು ಕೆಳಗೆ ಹೋದರೆ ಅಳುತ್ತಾನೆ, ಮೇಲೆ ಹೋದರೆ ಅಣಕಿಸುತ್ತಾನೆ, ಮತ್ತೆ ಇವನ ಬಾಯಿ ಎಲ್ಲರ ಬಾಯಿಯಂತಲ್ಲ, ಇಡೀ ಆಯುಷ್ಯ ಬಲಗಡೆಯ ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಇದ್ದವನು, ಅಳತೆ ತೆಗೆಯುವಾಗಲೂ, ಜಗಳಾಡುವಾಗಲೂ, ಹಾಗಾಗಿ ನಗುವುದೆಲ್ಲ ಎಡಗಡೆಯಿಂದ, ಪಿನ್ನು ಇಲ್ಲದಾಗಲೂ ಎಡಗಡೆಯಿಂದಲೇ, ನನ್ನ ರವಿಕೆಯ ಅಳತೆ ತೆಗೆದು ಆ ಎಡ ಮೂಲೆಯಿಂದ, ಅಕ್ಕಾ, ಬಟ್ಟೆ ಅಷ್ಟೇ ಇದೆ ನೀವು ಜಾಸ್ತಿಯಾಗಿದ್ದೀರಿ, ಅಂದವನು, ಸಿಟ್ಟು ಬರುವುದಕ್ಕೆ ಮೊದಲೇ ನಗು ಬರುತ್ತಿತ್ತು, ಆ ಎಡ ತುಟಿಯ ಕೊನೆಯಲ್ಲಿ ಇಡೀ ಮನುಷ್ಯ ಇದ್ದಾನೆ, ಅದು ಹೋದರೆ ಯಾವುದೋ ಗಡ್ಡವಿಲ್ಲದ ಗಂಡಸು, ಅಷ್ಟೇ, ಅದನ್ನು ಆ ಕೈಯಲ್ಲಿ — ಆಯಮ್ಮ ಬಂದು ನೋಡುತ್ತಾಳೆ, ಒಳ್ಳೆಯವಳು, ಚೆನ್ನಾಗಿದೆ ಅಣ್ಣಾ ಅನ್ನುತ್ತಾಳೆ, ಅನ್ನುವ ಮುಂಚೆ ಒಂದು ಕ್ಷಣ ಸುಮ್ಮನಿರುತ್ತಾಳಲ್ಲ, ಆ ಕ್ಷಣ ಇವರಿಗೆ ಸಾಕು, ಬೆಡ್‌ಶೀಟು ಮತ್ತೆ ಬರುತ್ತದೆ, ಈ ಸಲ ತೆಗೆಯುವುದಿಲ್ಲ, ನನ್ನ ಹತ್ತಿರ ಇನ್ನೊಂದು ಮೋಡ ಇಲ್ಲ.

ಅದಕ್ಕೇ ಈ ಹಲಗೆ. ಪೆಟ್ಟು ಹಲಗೆಗೆ ಬೀಳಲಿ, ಇನ್ನೊಂದು ಸಲ ಮಾಡ್ತೀನಿ ಅಂದರೆ ಒಳ್ಳೆ ಹಲಗೆ ಬರಲಿ ಇರಿ ಅನ್ನುತ್ತೇನೆ, ಅಷ್ಟರಲ್ಲಿ ಆ ಫೋಟೋವನ್ನೇ ಚೆಂದದ ಚೌಕಟ್ಟಿಗೆ ಹಾಕಿಸಿ ಆಯಮ್ಮನಿಗೆ ಕೊಟ್ಟು ಬರುತ್ತೇನೆ, ಒಂದು ತಿಂಗಳು, ಎರಡು ತಿಂಗಳು, ಎಲ್ಲ ಮರೆಯುತ್ತಾರೆ — ಮಾದರಿ ಕಾಗದ ಎರಡು ಪ್ರತಿ ಇದೆ, ಜೆರಾಕ್ಸ್ ಅಂಗಡಿಯಲ್ಲಿ ಯಾವಾಗಲೂ ಎರಡು ತೆಗೆಸುವುದು ನಮ್ಮ ಪದ್ಧತಿ, ಒಂದು ಕೆಡುವುದಕ್ಕೆ ಒಂದು ಬದುಕುವುದಕ್ಕೆ, ಇದು ಕೆಡುವ ಪ್ರತಿ, ಬೆನ್ನಿಗೆ ಅಂಟು ಹಚ್ಚು, ತೆಳ್ಳಗೆ, ಮೇಲಿನ ಅಂಚಿನಿಂದ ಇಳಿಸಿಕೊಂಡು ಬಾ, ಹಣೆ, ಹುಬ್ಬು, ಮೂಗು, ಎಡ ತುಟಿಯ ಕೊನೆ ಇಲ್ಲಿ, ನನ್ನ ಹೆಬ್ಬೆರಳಿನ ಕೆಳಗೆ, ಕೂತಿತು, ಸುಕ್ಕಿಲ್ಲ, ಎಷ್ಟು ಚೆನ್ನಾಗಿ ಕೂತಿದೆ, ಕೆಡಿಸುವ ಕೆಲಸವನ್ನೂ ಚೆನ್ನಾಗಿಯೇ ಮಾಡುವ ಕೈ ನನ್ನದು, ನೋಡುತ್ತಿದ್ದಾನೆ ಹೊಲಿಗೆಯವನು, ಅಕ್ಕಾ, ಏನ್ ಮಾಡ್ತಿದ್ದೀರಿ, ಅಂತ ಎಡಗಡೆಯಿಂದ ಕೇಳುತ್ತಿದ್ದಾನೆ, ನೀನು ಸುಮ್ಮನಿರಪ್ಪ, ನಿನಗಿನ್ನೇನು, ಇರುವವರನ್ನು ನೋಡಿಕೊಳ್ಳಬೇಕು ನಾನು, ಅಂದರೂ ಮನಸ್ಸು ಒಪ್ಪುವುದಿಲ್ಲ, ಸತ್ತವನ ಬಾಯಿ ಒಡೆಯುವುದಕ್ಕೆ ಜಾಗ ಹುಡುಕಿಟ್ಟ ಹೆಂಗಸು, ಥೂ — ಡ್ರಿಲ್ಲು ತಗೋ, ಕುಯ್ದು ತೆಗೆಯಬೇಕಾದ ಒಂದೊಂದು ನೆರಳಿಗೂ ಒಂದೊಂದು ತೂತು, ಬ್ಲೇಡು ಒಳಗೆ ಹೋಗುವುದಕ್ಕೆ ದಾರಿ, ಹಲಗೆಯ ಕೆಳಗೆ ಇನ್ನೊಂದು ಹಳೆ ತುಂಡು ಇಟ್ಟುಕೋ, ಇಲ್ಲದಿದ್ದರೆ ಹಿಂದಿನ ಪದರ ಸೀಳುತ್ತದೆ, ಹುಬ್ಬಿಗೆ ಹಾಕಿದೆ, ಮೂಗಿನ ನೆರಳಿಗೆ ಹಾಕಿದೆ, ಕತ್ತಿನ ಕೆಳಗೆ, ಕಿವಿಯ ಹಿಂದೆ, ಇನ್ನು ತುಟಿಗೆ ಒಂದು, ಕೊನೆಯದು, ಮೊನೆ ಟೊಳ್ಳಿನ ಮೇಲೆ ನಿಂತಿದೆ, ಒತ್ತಬೇಕು, ಒತ್ತು — ಒಳಗೆ ಟಿಣ್ ಟಿಣ್ ನಿಂತಿದೆ, ಯಾವಾಗ ನಿಂತಿತು, ಚಪ್ಪಲಿ ಎಳೆಯುವ ಸದ್ದು, ಬಾಗಿಲು.

ಆಯ್ತೇನೆ, ಅಂದರು, ಆಗ್ತಾ ಬಂತು, ಒಂದು ತೂತು ಬಾಕಿ, ಅಂದೆ, ಡ್ರಿಲ್ಲು ಪಕ್ಕಕ್ಕಿಟ್ಟೆ, ಸ್ಟೂಲು ಎಳೆದುಕೊಂಡು ಕೂತರು, ಏನಿವತ್ತು ಮುಖ ಹಾಗಿದೆ, ನಿಂದು, ಇವನದ್ದಲ್ಲ, ಅಂದರು, ಧೂಳು ರೀ, ಅಂದೆ, ಧೂಳಂತೆ, ಅಂದುಕೊಂಡು ಬಲಗೈ ಚಾಚಿ ತೋರುಬೆರಳನ್ನು ಹಲಗೆಯ ಮೇಲೆ ಇಟ್ಟರು, ಹೊಲಿಗೆಯವನ ಹಣೆಯ ಮೇಲೆ, ಸುಮ್ಮನೆ ಇಟ್ಟರು ಅಷ್ಟೇ, ತಟ್ಟಲಿಲ್ಲ, ಆದರೆ ಆ ಬೆರಳಿಗೆ ಸುಮ್ಮನಿರುವುದು ಮರೆತುಹೋಗಿದೆಯಲ್ಲ, ಟಕ್ ಟಕ್ ಟಕ್ ಟಕ್, ಉಗುರು ತಾನಾಗಿಯೇ ತಟ್ಟಿಕೊಳ್ಳುತ್ತಿದೆ, ಇದೊಂದು ಹೇಗೆ ಹೊಳೆಯಲಿಲ್ಲ ನನಗೆ, ಬೆರಳು ಹಣೆಯಿಂದ ಇಳಿಯುತ್ತಿದೆ, ಅವಸರವಿಲ್ಲ, ಗೆರೆಯನ್ನು ನೋಡುತ್ತಿರುವವರ ಹಾಗೆ, ಹುಬ್ಬು, ಟಕ್ ಟಕ್, ಮೂಗು, ಟಕ್ ಟಕ್ ಟಕ್, ರೀ ಇನ್ನೊಂದು ಲೋಟ ಟೀ ತರ್ಲಾ ಅಂದೆ, ಕೇಳಿಸಿಕೊಳ್ಳಲಿಲ್ಲ, ಮೂಗಿನ ಕೆಳಗೆ, ಎಡಕ್ಕೆ, ತುಟಿಯ ಕೊನೆಗೆ — ಡೊಬ್ ಡೊಬ್ ಡೊಬ್ ಡೊಬ್ — ಟೇಪು ಕಾಗದ ಎಲ್ಲದರ ಕೆಳಗಿನಿಂದ, ಖಾಲಿ ಡಬ್ಬಿಯ ಹಾಗೆ, ಇಡೀ ಕೋಣೆಗೆ ಕೇಳುವ ಹಾಗೆ, ಬೆರಳು ಅಲ್ಲೇ ನಿಂತಿತು, ಎತ್ತಿದರೆ ಸದ್ದು ನಿಲ್ಲುತ್ತದೆ, ಎತ್ತುತ್ತಿಲ್ಲ, ಆಮೇಲೆ ನಿಧಾನವಾಗಿ ಸುತ್ತ ಒಂದು ಸುತ್ತು ಬಂದರು, ಟಕ್, ಡೊಬ್, ಟಕ್, ಡೊಬ್, ಗದ್ದೆಯ ಬದು ನೋಡಿಬಂದವರ ಹಾಗೆ ಟೊಳ್ಳಿನ ಗಡಿಯನ್ನೆಲ್ಲ ಬೆರಳಿನಲ್ಲೇ ನಡೆದು ಬಂದರು, ನಾನು ಡ್ರಿಲ್ಲಿನ ವೈರು ಸುತ್ತುತ್ತಿದ್ದೇನೆ, ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದೇನೆ, ಇದನ್ನ ಮೋಡಕ್ಕೆ ಇಟ್ಕೋ, ಅಂದರು.

ಏನು, ಅಂದೆ. ಮೋಡಕ್ಕೆ ಇಟ್ಕೋ ಈ ಹಲಗೇನ, ಮೋಡ ಎಲ್ಲಿ ಮುರಿದ್ರೂ ಮೋಡಾನೇ ಅಲ್ವಾ, ಅಂದರು, ನನ್ನ ಕಡೆ ನೋಡಲಿಲ್ಲ, ಯಾವಾಗಿನಿಂದ ಗೊತ್ತು ಅಂತ ನಾನು ಕೇಳುವ ಮೊದಲೇ ಅವರೇ ಹೇಳಿದರು, ಮೊದಲ್ನೇ ಮೋಡದಲ್ಲೇ ಗೊತ್ತಾಯ್ತು, ಗೆರೆ ಅಲ್ಲ ಅದು, ಅಷ್ಟಗಲ, ಟಾರು ರಸ್ತೆ, ಎಮ್ಮೆ ಹೊಡ್ಕೊಂಡು ಹೋಗ್ಬಹುದು ಅದರೊಳಗೆ, ನೀನು ಅಡುಗೆಮನೇಲಿ ಮೂಗು ಒರೆಸ್ಕೊಂಡು ನಗ್ತಾ ಇದ್ದೆ, ಹೋಗ್ಲಿ ಪಾಪ ಅಂತ ನಾನೂ ಕುಯ್ದೆ, ಬಾತುಕೋಳಿ ಕುಯ್ದು ಕುಯ್ದು ಕನಸಲ್ಲೂ ಅದರದ್ದೇ ಕೂಗು ಕಣೇ, ಅಂದರು, ನಗು ಬಂತು, ಅಳು ಬಂತು, ಯಾವುದು ಮೊದಲು ಬಂತೋ, ಹಾಗಾದರೆ ಯಾರಿಗಾಗಿ ಯಾರು ಟೀಗೆ ಬೈದದ್ದು, ಯಾರ ಖುಷಿಗೆ ಯಾರು ಕುಯ್ದದ್ದು, ಮತ್ತೆ ಯಾಕ್ರೀ ಈ ಮುಖ ಒಪ್ಕೊಂಡ್ರಿ, ಗೊತ್ತಿದ್ದೂ, ಅಂದೆ, ಬೆರಳು ನೋಡಿಕೊಂಡರು, ಅವನು ನನ್ನ ಅಂಗಿ ಹೊಲಿದು ಕೊಟ್ಟಿದ್ದು ನೋಡಿದ್ದೀಯಲ್ಲ, ಇದು ಶುರುವಾದ ಮೇಲೆ, ತೂತಿಗೆ ಪೋಣಿಸೋ ಗುಂಡಿ ತೆಗೆದು, ಒತ್ತಿದ್ರೆ ಕೂರೋ ಒತ್ತುಗುಂಡಿ ಹಾಕಿಕೊಟ್ಟ, ನಾನು ಕೇಳಿರ್ಲಿಲ್ಲ, ಅವನೂ ಹೇಳ್ಲಿಲ್ಲ, ಕೊಡುವಾಗ ಆ ಕಡೆ ನೋಡ್ತಾ ಕೊಟ್ಟ, ಅಂದರು, ಹೌದು, ಆ ನೀಲಿ ಅಂಗಿ, ನಾನೇ ಒಗೆಯುತ್ತೇನೆ, ಒತ್ತುಗುಂಡಿ ಹಾಕಿದರೆ ಚೆನ್ನ ಅಂತ ಹಾಕಿರಬೇಕು ಅಂದುಕೊಂಡಿದ್ದೆ, ಕೆಡೋದಾದ್ರೆ ನನ್ನ ಕೈಲೇ ಕೆಡ್ಲಿ, ಪ್ಲೈವುಡ್ ಅಂಗಡಿಯವನ ತಲೆಗೆ ಯಾಕೆ ಕಟ್ತೀಯ, ಅವನಿಗೂ ಹೆಂಡತಿ ಇದ್ದಾಳೆ, ಗೋಡೆಗೆ ಒರಗಿಸಿದ್ದೀಯಲ್ಲ, ಆ ಹಲಗೆ ಕೊಡು, ಅಂದರು.

ಮತ್ತೆ ಶುರು, ಉಜ್ಜು, ಎಳೆಯ ದಿಕ್ಕಿಗೆ, ಒಣಬಟ್ಟೆ, ಟೇಪು, ಈ ಸಲ ಇವರು ಟೇಪಿನ ಒಂದು ತುದಿ ಹಿಡಿದಿದ್ದಾರೆ, ತುದಿ ನಡುಗುತ್ತಿದೆ, ನಡುಗಲಿ, ಒಮ್ಮೆ ಅಂಟಿಕೊಂಡ ಮೇಲೆ ಟೇಪಿಗೆ ನಡುಕ ನೆನಪಿರುವುದಿಲ್ಲ, ಬದುಕುವ ಪ್ರತಿ ತಂದೆ, ಅಂಟಿಸಿದೆ, ಅಂಟು ಒಣಗುವವರೆಗೆ ಟೀ, ನನ್ನೆದುರಿಗೇ ಬಲಗೈಯಲ್ಲಿ ಹಿಡಿದರು, ಟಿಣ್ ಟಿಣ್ ಟಿಣ್, ಇಬ್ಬರೂ ಕೇಳುತ್ತಾ ಕುಡಿದೆವು, ತೂತು ತುಟಿಯ ಕೊನೆಗೆ ಬೇಡ, ನಡುವಿಗೆ ಹಾಕು, ಕೊನೆಗೆ ನಾನು ನಡ್ಕೊಂಡು ಹೋಗ್ತೀನಿ, ಅಂದರು, ನಡುವಿಗೆ ಹಾಕಿದೆ, ಬ್ಲೇಡು ಕೆಳಗಿನಿಂದ ಮೇಲಕ್ಕೆ ಪೋಣಿಸಿಕೊಟ್ಟೆ, ಸೂಜಿಗೆ ದಾರ ಪೋಣಿಸಿದ ಹಾಗೆ, ಬಿಗಿ ಮಾಡಿದೆ, ಬೆಡ್‌ಶೀಟು ಮೂಲೆಯಲ್ಲಿ ಮಡಚಿ ಬಿದ್ದಿದೆ, ನೋಡಬಾರದು ಅಂದರೂ ನೋಡುತ್ತೇನೆ, ಇವರು ಕಾಲನ್ನು ಪೆಡಲಿನ ಮೇಲೆ ಇಟ್ಟಿದ್ದಾರೆ, ಇನ್ನೂ ಒತ್ತಿಲ್ಲ, ಎಡಗೈ ಹಲಗೆಯ ಮೇಲೆ ಅಗಲಕ್ಕೆ, ಕೈ ಹಿಡಿದುಕೊಳ್ಳಲೇ ಅಂತ ಕೇಳಬೇಕು, ಕೇಳಬಾರದು, ನನ್ನ ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದೇನೆ, ಒಂದು ಸುತ್ತು ಮಾತ್ರ, ಈ ಮೂಲೆಯೊಂದು, ಅಳಬೇಡ, ಅಣಕಿಸಬೇಡ, ಹೊಲಿಗೆಯವನೇ, ನಗು, ಎಡಗಡೆಯಿಂದ ನಗು, ಅಕ್ಕಾ ನೀವು ಜಾಸ್ತಿಯಾಗಿದ್ದೀರಿ ಅನ್ನು, ಏನಾದರೂ ಅನ್ನು, ಬಲಗೈ ಬಂತು, ತೋರುಬೆರಳು ತುಟಿಯ ಕೊನೆಯಲ್ಲಿ ಇಳಿಯಿತು, ಟಕ್ ಟಕ್ ಟಕ್, ಗಟ್ಟಿ, ಟಕ್ ಟಕ್, ಆ ಬೆರಳು, ಆ ತುಟಿಯ ಕೊನೆ, ಟಕ್ ಟಕ್ ಟಕ್, ಗಟ್ಟಿ, ಆ ಬೆರಳು —